ಕುಷ್ಟಗಿ ಹಂಪಣ್ಣನ ತಂಪು ಪೆಟ್ಟಿಗೆ

ಕುಷ್ಟಗಿಯ ಕ್ರಾಸಿನಲ್ಲಿ ಗೋಲಿ ಸೋಡಾ ಮಾರುತ್ತಿದ್ದ ಹಂಪಣ್ಣನಿಗೆ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. 'ಇಲ್ಲ' ಎನ್ನುವ ಮಾತು. ಒಮ್ಮೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ಓಣಿಯವರೊಬ್ಬರು ಬಂದು ಏಣಿ ಕೇಳಿದರು.

"ಒಯ್ರಿ, ಅದಕ್ಯಾಕ ಕೇಳ್ತೀರಿ?" ಎಂದ.

ಅವರು ಒಯ್ದರು. ಹೊತ್ತು ಮುಳುಗುವವರೆಗೆ ಮೆಣಸಿನಕಾಯಿಯ ಜೊತೆಗೆ ಹಂಪಣ್ಣನೂ ಒಣಗಿದ. ಹೆಂಡತಿ ಕಳಕಮ್ಮ ಅಂಗಳದಲ್ಲಿ ನಿಂತು, "ಏನ್ರಿ, ಉಣ್ಣಾಕ ಇಳದು ಬರ್ತೀರೋ, ರೊಟ್ಟಿ ಮ್ಯಾಲ ಒಗೀಲ್ಯೋ?" ಎಂದು ಕೇಳಿದ್ದು ಓಣಿಗೆಲ್ಲ ಕೇಳಿಸಿತ್ತು.

ಅವನ ಕೈಯ ಸೋಡಾ ಮಾತ್ರ ಬಲು ಒಳ್ಳೆಯದು. ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಶೀಸೆ ಹಕ್ಕಿಯ ಹಾಗೆ ಕೂಗುತ್ತಿತ್ತು. ಹಳೆಯದೊಂದು ವ್ಯಾನಿನಲ್ಲಿ ಶೀಸೆಗಳನ್ನು ತುಂಬಿಕೊಂಡು ಅವನು ಕನಕಗಿರಿ, ಯಲಬುರ್ಗಾ ಸಂತೆಗಳಿಗೂ ಹೋಗುತ್ತಿದ್ದ. ಆದರೆ ಅದು ಬಿಸಿಲಿನ ನಾಡು. ಮರಳಿನಲ್ಲಿ ಹೂಳಲಿ, ಒದ್ದೆ ಗೋಣಿಚೀಲ ಹೊದಿಸಲಿ, ಬೇಸಿಗೆಯಲ್ಲಿ ಅವನ ಸೋಡಾ ಕಷಾಯದ ತಂಗಿಯಾಗಿರುತ್ತಿತ್ತು. ಗಂಗಾವತಿಯಿಂದ ಕಟ್ಟಿಗೆ ಹೊಟ್ಟಿನಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿ ಕಳಿಸಿದ ಬರ್ಫದ ಗಡ್ಡೆ ಕುಷ್ಟಗಿ ಮುಟ್ಟುವ ಹೊತ್ತಿಗೆ ಹೊಟ್ಟು ಮಾತ್ರ ಉಳಿಯುತ್ತಿತ್ತು. ಬಸ್ಸಿನೊಳಗೆ ಕೂತವರ ನೆತ್ತಿ ತಂಪಾಗಿರುತ್ತಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹಂಪಿಯ ಕಡೆ ಹೊರಟಿದ್ದ ಪರದೇಶದ ಗಂಡಹೆಂಡಿರ ಗಾಡಿಯೊಂದು ಅವನ ಅಂಗಡಿಯ ಮುಂದೆ ಕೆಟ್ಟು ನಿಂತಿತು. ಅದು ಗಾಡಿಯಲ್ಲ, ಗಾಲಿ ಹಚ್ಚಿದ ಮನೆ. ಒಳಗೆ ಹಾಸಿಗೆ, ಒಲೆ, ಕಿಟಕಿಗೆ ಪರದೆ. ಮೂಲೆಯಲ್ಲಿ ಒಂದು ಬಿಳಿಯ ಪೆಟ್ಟಿಗೆ. ಅದರ ಬಾಗಿಲು ತೆರೆದರೆ ಒಳಗೆ ತಾನಾಗಿಯೇ ದೀಪ ಹತ್ತುತ್ತಿತ್ತು, ಮುಖಕ್ಕೆ ಮಾಘದ ಬೆಳಗಿನ ಗಾಳಿ ಬಂದು ತಾಗಿದಂತಾಗುತ್ತಿತ್ತು. ಹಂಪಣ್ಣ ಆ ತಂಪಿನೊಳಗೆ ಮುಖವಿಟ್ಟು ಕಣ್ಣು ಮುಚ್ಚಿದ. ಅವನ ಮನಸ್ಸಿನೊಳಗಿನ ಶೀಸೆಗಳೆಲ್ಲ ಎದ್ದು, ಸಾಲು ಹಿಡಿದು, ಪೆಟ್ಟಿಗೆಯೊಳಗೆ ಹೋಗಿ ಕೂತವು.

ಗಾಡಿ ರಿಪೇರಿಯಾಯಿತು, ಆದರೆ ಗಂಡಹೆಂಡಿರು ಊರು ಬಿಡಲಿಲ್ಲ; ಹಗಲು ಸುತ್ತಾಡಿ ಇರುಳು ಕ್ರಾಸಿಗೇ ಬಂದು ಮಲಗುತ್ತಿದ್ದರು. ಇರುಳೆಲ್ಲ ಆ ಪೆಟ್ಟಿಗೆ ಗಾಡಿಯ ಬ್ಯಾಟರಿಯನ್ನು ಕುಡಿದು ಮುಗಿಸುತ್ತಿತ್ತು. ಬೆಳಗಾದರೆ ಕ್ರಾಸಿನ ಮಂದಿಯೆಲ್ಲ ಸೇರಿ ನೂಕಬೇಕು. ಹೀಗೆ ದಿನವೂ ನೂಕಿಸಿಕೊಂಡು ನಾಚಿಕೆಯಾಗಿ, ಊರವರು ಉದ್ದನ ಸಾಹೇಬ ಎಂದು ಕರೆಯುತ್ತಿದ್ದ ಆ ಮನುಷ್ಯ ಒಂದು ಮುಂಜಾನೆ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಪೆಟ್ಟಿಗೆಯನ್ನು ಹೊತ್ತು ತಂದು ಅಂಗಡಿಯಲ್ಲಿಟ್ಟು, ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ. ಹಂಪಣ್ಣನಿಗೆ 'ಇಲ್ಲ' ಎನ್ನುವ ಮಾತು ಬಾರದಿದ್ದುದರಿಂದ ಲಾಭವಾದದ್ದು ಅದೊಂದೇ ಸಲ.

ಪೆಟ್ಟಿಗೆಗೆ ಒಂದು ತಿರುಗಣಿ ಇತ್ತು. ಗಾಡಿ ಓಡುವಾಗ ಬ್ಯಾಟರಿಯ ಕಡೆ ತಿರುಗಿಸು. ನಿಂತಾಗ ಮನೆಯ ಕರೆಂಟಿಗೆ ವೈರು ಸಿಕ್ಕಿಸಿ ಇತ್ತ ತಿರುಗಿಸು. ಇಷ್ಟನ್ನು ಸಾಹೇಬ ಓಡಿ ತೋರಿಸಿ, ನಿಂತು ತೋರಿಸಿ ಕಲಿಸಿದ. ಅಂಗೈ ಚಪ್ಪಟೆ ಹಿಡಿದು, ಸಮನಾದ ನೆಲದ ಮೇಲಿಲ್ಲದಿದ್ದರೆ ತಂಪಾಗುವುದಿಲ್ಲ ಎಂದ. ಕೊನೆಗೆ ಬಾಗಿಲು ತೋರಿಸಿ, ದೀನನಾಗಿ ಎರಡೂ ಕೈ ಜೋಡಿಸಿದ. ಹಂಪಣ್ಣ ತಾನೂ ಪೆಟ್ಟಿಗೆಗೆ ಭಕ್ತಿಯಿಂದ ಕೈ ಮುಗಿದ. 'ದಮ್ಮಯ್ಯ, ಮೇಲಿಂದ ಮೇಲೆ ತೆರೆಯಬೇಡ' ಎಂದು ಸಾಹೇಬ ಬೇಡಿಕೊಂಡದ್ದು ಎಂಬುದು ಬಹಳ ದಿನದ ಮೇಲೆ ತಿಳಿಯಿತು.

ಪೆಟ್ಟಿಗೆಯನ್ನು ವ್ಯಾನಿನೊಳಗೆ ಕೂರಿಸಿದವನು ಮೈಕ್ ಸೆಟ್ಟು ಬಾಡಿಗೆಗೆ ಕೊಟ್ಟು, ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಗೆಳೆಯ ಮೌಲಾಹುಸೇನ. ವ್ಯಾನಿನ ಬ್ಯಾಟರಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು, ನಡುವೆ ತಾಮ್ರದ ಒಂದು ಕತ್ತಿ ಸ್ವಿಚ್ಚು ಹಾಕಿದ.

"ಅಣ್ಣಾರ, ನೆನಪಿಟಗೋರಿ. ಈಕಿ ಸೊಸಿ, ಗಾಡಿ ಎಬ್ಬಸಾಕಿ. ಆಕಿ ಅತ್ತಿ, ಪೆಟ್ಟಿಗಿ ನೋಡ್ಕೊಳ್ಳಾಕಿ. ಎಂಜಿನ್ ಓಡ್ವಾಗ ಕತ್ತಿ ಕೆಳಗ ಹಾಕ್ರಿ, ಇಬ್ರೂ ಕೂಡಿ ಉಣ್ತಾರ. ಎಂಜಿನ್ ಬಂದ್ ಆತಂದ್ರ ಕತ್ತಿ ಎತ್ತಿ ಇಬ್ರನ್ನ ಬ್ಯಾರೆ ಮಾಡ್ರಿ. ಮರತ್ರಿ ಅಂದ್ರ ಅತ್ತಿ ತಂದೂ ಮುಗಿಸಿ ಸೊಸೀದೂ ಕುಡೀತಾಳ."

ಕಳಕಮ್ಮ ಆ ಸ್ವಿಚ್ಚನ್ನು ಎತ್ತಿ ಇಳಿಸಿ ನೋಡಿ ನಿಟ್ಟುಸಿರಿಟ್ಟಳು. "ಮೌಲಾ, ಇವರವ್ವ ಬದುಕಿದ್ದಾಗ ಎಲ್ಲಿದ್ದೆಪಾ ನೀನು?"

ನೆಲ ಸಮನಾಗಿದೆಯೇ ಎಂದು ನೋಡಲು ಹಂಪಣ್ಣನ ಹತ್ತಿರ ಗೋಲಿ ಇತ್ತು. ವ್ಯಾನು ನಿಲ್ಲಿಸಿ ಪೆಟ್ಟಿಗೆಯ ನೆತ್ತಿಯ ಮೇಲೆ ಗೋಲಿ ಇಡುವುದು. ಅದು ಉರುಳದೆ ನಿಲ್ಲುವವರೆಗೆ ಗಾಲಿಯ ಕೆಳಗೆ ಕಲ್ಲು ಕೊಡುವುದು. ಮೊದಲ ಇರುಳು ಅಂಗಡಿಯ ಕರೆಂಟು ಕುಡಿದ ಪೆಟ್ಟಿಗೆ ಬೆನ್ನು ಬಿಸಿ ಮಾಡಿಕೊಂಡು ಹೊಟ್ಟೆ ತಂಪು ಮಾಡಿಕೊಂಡಿತು. ಬೆಳಿಗ್ಗೆ ಮಗಳು ಪಂಪಮ್ಮ ಮೊದಲ ಶೀಸೆ ಕುಡಿದು, "ಅಪ್ಪಾ, ಮೂಗಿನ್ಯಾಗ ಚಳಿಗಾಲ ಹೊಕ್ತು!" ಎಂದಳು.

ಈ ಪಂಪಮ್ಮನಿಗೆ ಆಗ ಯಲಬುರ್ಗಾದಿಂದ ಒಂದು ಸಂಬಂಧ ಕೇಳಿ ಬಂದಿತ್ತು. ಹುಡುಗ ಅಂದಪ್ಪ, ಕರೆಂಟಿನ ಲೈನ್‌ಮನ್. ಕ್ರಾಸಿನ ಕಂಬ ಹತ್ತಲು ಬಂದಾಗ ಬಾಯಾರಿಕೆಗೆ ಬೇಕಾದದ್ದಕ್ಕಿಂತ ಹೆಚ್ಚು ಸೋಡಾ ಕುಡಿದುಹೋಗಿದ್ದ. ಆ ಕಂಬದಲ್ಲಿ ಕೆಟ್ಟದ್ದೇನೂ ಇಲ್ಲದಿದ್ದರೂ ಮತ್ತೆ ಮತ್ತೆ ಬಂದಿದ್ದ. ಪಂಪಮ್ಮ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅವನ ಶೀಸೆಗೆ ಮಾತ್ರ ನಿಂಬೆಹಣ್ಣು ಹಿಂಡುತ್ತಿದ್ದಳು.

ಆ ಮನೆಯಲ್ಲಿ ಹೂಂ ಅನ್ನಬೇಕಾದವಳು ಅಂದಪ್ಪನ ಅಜ್ಜಿ ಹುಲಿಗೆಮ್ಮ. ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತಿಗೆ ಮಾತ್ರ ಎಲ್ಲ ಹಲ್ಲೂ ಇದ್ದವು. ಹಂಪಣ್ಣ ಮಾತುಕತೆಗೆ ಹೋದ ದಿನ ಅವಳು ತನ್ನ ಹಳೆಯದೊಂದು ಆಸೆ ಹೇಳಿದಳು.

"ನಿಜಾಮನ ಕಾಲದಾಗ ಸಣ್ಣಾಕಿ ಇದ್ದಾಗ ಹೈದರಾಬಾದಿಗೆ ಹೋಗಿದ್ದೆ ನೋಡಪ. ಅಲ್ಲಿ ಬರ್ಫದ ನೀರು ಕುಡಿದಿದ್ದೆ. ಆಮ್ಯಾಲ ತಂಪು ಅಂಬೋದು ಬರೇ ಮಂದಿ ಬಾಯಾಗ ಕೇಳೀನಿ."

"ಅದೇನ್ ದೊಡ್ಡದ್ರೀ ಅಮ್ಮಾರ!" ಎಂದ ಹಂಪಣ್ಣ. "ಉಡಿ ತುಂಬೋ ದಿನ ಇಲ್ಲೇ, ನಿಮ್ಮ ಅಂಗಳದಾಗ, ಬರ್ಫದಂಥಾ ಸೋಡಾ ಕುಡಸ್ತೀನಿ."

"ಈ ಬ್ಯಾಸಗ್ಯಾಗ? ಯಲಬುರ್ಗ್ಯಾಗ?"

"ಹೌದ್ರಿ."

ಹುಲಿಗೆಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ನೋಡಪ, ನಾ ಬಂಗಾರ ಕೇಳಂಗಿಲ್ಲ, ಬೆಳ್ಳಿ ಕೇಳಂಗಿಲ್ಲ. ಆದ್ರ ಬರೇ ಬಾಯಿಲೆ ತಂಪು ಮಾಡೋ ಮನಿ ಹೆಣ್ಣು ನಮಗ ಬ್ಯಾಡ. ಸೋಡಾ ತಂಪಿತ್ತು, ನಿನ್ನ ಮಗಳು ನಮ್ಮಾಕಿ. ಬಿಸಿ ಇತ್ತು, ಹಂಗ ತಿರಗಿಸಿಕೊಂಡು ಹೋಗು."

ಹೀಗೆ ಪಂಪಮ್ಮನ ಮದುವೆ ಒಂದು ಶೀಸೆಯ ಕೊರಳಲ್ಲಿ ಗೋಲಿಯಂತೆ ಸಿಕ್ಕಿಕೊಂಡಿತು.

ಉಡಿ ತುಂಬುವುದೆಂದರೆ ಹೆಣ್ಣಿನ ಮಡಿಲಿಗೆ ಅಕ್ಕಿ, ಕಾಯಿ ಹಾಕಿ ಸಂಬಂಧ ಗಟ್ಟಿಮಾಡುವ ಶಾಸ್ತ್ರ; ಸಾಮಾನ್ಯವಾಗಿ ಅದು ಹೆಣ್ಣಿನ ಮನೆಯಲ್ಲೇ ಆಗುವುದು. ಹುಲಿಗೆಮ್ಮನ ಮೊಣಕಾಲು ಗಾಡಿ ಹತ್ತಲು ಒಪ್ಪದ್ದರಿಂದ ಹೆಣ್ಣನ್ನೇ ಯಲಬುರ್ಗಾಕ್ಕೆ ಕರೆತರುವುದೆಂದು ಹಿರಿಯರು ಗೊತ್ತುಮಾಡಿದ್ದರು. ಆ ದಿನ ವ್ಯಾನಿನ ಮುಂದೆ ಹಂಪಣ್ಣ, ಮೌಲಾಹುಸೇನ. ಹಿಂದೆ ಕಳಕಮ್ಮ, ಪಂಪಮ್ಮ, ಸಂಬಂಧಿಕ ಹೆಂಗಸರು. ಎಲ್ಲರ ನಡುವೆ ದೊಡ್ಡ ಬೀಗತಿಯಂತೆ ಪೆಟ್ಟಿಗೆ. ದಾರಿಯಲ್ಲಿ ಬೇವಿನ ಮರದ ಕೆಳಗಿನ ದೇವಿಗೆ ಕಾಯಿ ಒಡೆಯಲು ಇಳಿದರು. ಕಾಯಿ ಒಳ್ಳೆಯ ಹೋಳಾಯಿತೆಂಬ ಸಂತೋಷದಲ್ಲಿ, ಕೊಬ್ಬರಿ ಹಂಚುತ್ತ, ತಿನ್ನುತ್ತ, ನೆರಳಿನಲ್ಲಿ ಹೊತ್ತು ಕಳೆಯುತ್ತ, ಕತ್ತಿ ಎತ್ತುವುದನ್ನು ಹಂಪಣ್ಣ ಮರೆತ. ಬಂದು ಕೀಲಿ ತಿರುಗಿಸಿದರೆ ವ್ಯಾನು ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಕುಡದ್ಳು!" ಎಂದು ಮೌಲಾಹುಸೇನ ಹಣೆ ಬಡಿದುಕೊಂಡ. "ಅತ್ತಿ ಸೊಸೀದೂ ಕುಡದ್ಳು!"

ರೇಷ್ಮೆ ಸೀರೆಯ ಹೆಂಗಸರೆಲ್ಲ ಇಳಿದು ಸೆರಗು ಕಟ್ಟಿ ನೂಕಿದರು. ಮದುಮಗಳಾಗಲಿದ್ದವಳೂ ನೂಕಿದಳು. "ನನ್ನ ಅತ್ತಿಮನಿಗೆ ನಾನ ನೂಕ್ಕೊಂಡು ಹೊಂಟೀನಿ, ಯಾರೂ ನಗಬ್ಯಾಡ್ರಿ," ಎಂದಳು. ಎಲ್ಲರಿಗೂ ನಗು ಬಂದು ಕೈಯ ಬಲ ಹೋಗಿ ವ್ಯಾನು ಹಿಂದಕ್ಕೇ ಬಂತು. ಮತ್ತೆ ನೂಕಿದ ಮೇಲೆ ಎಂಜಿನ್ ಹತ್ತಿಕೊಂಡಿತು.

ಯಲಬುರ್ಗಾ ತಲುಪುವಾಗ ನಡು ಮಧ್ಯಾಹ್ನ. ಬೀಗರ ಅಂಗಳದಲ್ಲಿ ವ್ಯಾನು ನಿಲ್ಲಿಸಿ, ಕಲ್ಲು ಕೊಟ್ಟು, ಗೋಲಿ ನಿಲ್ಲಿಸಿದರು. ಮೌಲಾಹುಸೇನ ಮೈಕಿನ ಉದ್ದನೆಯ ವೈರನ್ನು ಮನೆಯ ಪ್ಲಗ್ಗಿನವರೆಗೆ ಎಳೆದ. ಹಂಪಣ್ಣ ತಿರುಗಣಿ ತಿರುಗಿಸಿ, ಬಾಗಿಲು ತೆರೆದು ಬೆರಳು ಆಡಿಸಿ ನೋಡಿದ. ತಂಪು ಇತ್ತು. ಸೋಡಾ ಈಗಲೇ ಕೊಡಲೇ ಎಂದು ಹುಲಿಗೆಮ್ಮನನ್ನು ಕೇಳಿದ.

"ಮೊದಲ ಶಾಸ್ತ್ರ ಮುಗೀಲಿ," ಎಂದಳು ಮುದುಕಿ. "ಇಷ್ಟ ವರ್ಷ ಕಾದೀನಿ."

ಅಲ್ಲಿಂದ ಶುರುವಾಯಿತು. ಹುಡುಗನ ಸೋದರತ್ತೆ ದುರುಗವ್ವ, ಗಾತ್ರದಲ್ಲೂ ದನಿಯಲ್ಲೂ ದೊಡ್ಡವಳು, ವ್ಯಾನಿನ ಹತ್ತಿರ ಬಂದಳು. "ಅಣ್ಣಾರ, ಒಳಗ ದೀಪಾ ಹತ್ತತೈತಂತಲ್ಲ? ಒಂಚೂರು ನೋಡ್ಲೇನು?"

ಬೀಗರು ಕೇಳಿದ್ದಕ್ಕೆ ಹೆಣ್ಣಿನ ಕಡೆಯವರು ಬೇಡ ಅನ್ನಬಾರದು. ಎಂಥ ಗಟ್ಟಿಗರೂ ಆ ದಿನ ಅನ್ನುವುದಿಲ್ಲ. ಇನ್ನು ಹಂಪಣ್ಣ!

"ನೋಡ್ರಿ, ಅದಕ್ಯಾಕ ಕೇಳ್ತೀರಿ?"

ದುರುಗವ್ವ ವ್ಯಾನು ಹತ್ತಿದಳು. ವ್ಯಾನು ವಾಲಿತು. ಗೋಲಿ ಟಣ್ಣನೆ ಉರುಳಿ ಮೂಲೆ ಸೇರಿತು. ಬಾಗಿಲು ತೆರೆಯಿತು, ದೀಪ ಹತ್ತಿತು. "ಯವ್ವಾ ನನ್ನವ್ವಾ! ಬರ್ರೆಲೇ, ಇಲ್ಲೇ ಬರ್ರಿ!" ಎಂದು ಅವಳು ಕೂಗಿದ್ದೇ ತಡ, ಮನೆಯ ಹೆಂಗಸರೆಲ್ಲ ಬಂದರು, ಅವರ ಹಿಂದೆ ಓಣಿ ಬಂತು. ಒಬ್ಬೊಬ್ಬರೂ ಮುಚ್ಚಿ, ತಾವೇ ಮತ್ತೆ ತೆರೆದು ನೋಡಬೇಕು. ಒಬ್ಬಳು ಬಾಡದಿರಲಿ ಎಂದು ಮಲ್ಲಿಗೆ ದಂಡೆ ಇಟ್ಟಳು. ಇನ್ನೊಬ್ಬಳು ಒಲೆಯಿಂದ ಇಳಿಸಿದ ಹಾಲಿನ ಪಾತ್ರೆಯನ್ನೇ ತಂದಿಟ್ಟಳು. ಹಾಲು ಪೆಟ್ಟಿಗೆಯೊಳಗೆ ಆವಿ ಬಿಡುತ್ತ ಕೂತಿತು. ಮೌಲಾಹುಸೇನನಿಗೆ ತಡೆಯಲಾಗಲಿಲ್ಲ. ಮೈಕ್ ಹಿಡಿದು, "ಹಲೋ, ಹಲೋ, ಬೀಗರಲ್ಲಿ ವಿನಂತಿ, ದಯಮಾಡಿ ಬಾಗಲಾ..." ಅನ್ನುವಷ್ಟರಲ್ಲಿ ಹಂಪಣ್ಣ ಓಡಿ ಬಂದು ಮೈಕಿನ ಬಾಯಿ ಮುಚ್ಚಿದ.

"ಬೀಗರೋ ಅವರು!"

"ಬೀಗರಾದ್ರೇನ್ರಿ, ಸೋಡಾ ಬಿಸಿ ಆಗಾಕತ್ತೈತಿ!"

ಅಷ್ಟರಲ್ಲಿ ಕರೆಂಟು ಹೋಯಿತು. ಚಪ್ಪರಕ್ಕೆ ಮೌಲಾಹುಸೇನ ಬಂದ ಕೂಡಲೇ ಕಟ್ಟಿ ಹಚ್ಚಿದ್ದ ಬಣ್ಣದ ಬಲ್ಬುಗಳ ಭಾರಕ್ಕೆ ಕಂಬದ ಮೇಲಿನ ಫ್ಯೂಜು ಸುಟ್ಟಿತ್ತು. ಹಂಪಣ್ಣ ತಿರುಗಣಿಯನ್ನು ಬ್ಯಾಟರಿಗೆ ತಿರುಗಿಸಿ, ಎಂಜಿನ್ ಹಚ್ಚಿ, ಕತ್ತಿ ಇಳಿಸಿದ. ಕರಿಹೊಗೆ ಸೀದಾ ಅಡುಗೆ ಮಾಡುವವರ ಮುಖಕ್ಕೆ ಹೋಯಿತು. "ಅಣ್ಣಾರ, ಅದನ್ನೊಂಚೂರು ಬಂದ್ ಮಾಡ್ರಿ," ಎಂದು ಕೆಮ್ಮುತ್ತ ಬೀಗರು ಕೇಳಿದರು. ಬಂದ್ ಮಾಡಿದ. ಈ ಸಲ ಕತ್ತಿಯನ್ನು ನೆನಪಿನಿಂದ ಎತ್ತಿದ.

ಎಲ್ಲಕ್ಕಿಂತ ಕಷ್ಟ ತಂದಿಟ್ಟದ್ದು ಒಳಗಿನ ದೀಪ. ಅದು ಬ್ಯಾಟರಿಯದು, ಮನೆಯ ಕರೆಂಟು ಹೋದರೂ ಉರಿಯಿತು. ದುರುಗವ್ವ ಬಾಗಿಲು ತೆರೆದವಳು ಬೆಚ್ಚಿಬಿದ್ದಳು.

"ಚಪ್ಪರದ ದೀಪೆಲ್ಲಾ ಹ್ವಾದ್ವು, ಇದು ಉರ್ಯಾಕತ್ತೈತಿ! ನಂದಾದೀಪ ಐತಿದು!"

ಆಗ ಹೆಂಗಸರು ಚಪ್ಪಲಿ ಬಿಟ್ಟು ವ್ಯಾನು ಹತ್ತತೊಡಗಿದರು. ಪೆಟ್ಟಿಗೆಯ ನೆತ್ತಿಗೆ ಅರಿಶಿನ ಕುಂಕುಮ ಬಿತ್ತು. ಊದಿನಕಡ್ಡಿ ಹತ್ತಿತು. ತೆರೆದು ಕೈಮುಗಿದು ಮುಚ್ಚುವುದು, ತೆರೆದು ಕೈಮುಗಿದು ಮುಚ್ಚುವುದು. ಹಂಪಣ್ಣ ಗಾಲಿಗೆ ಕೊಟ್ಟ ಕಲ್ಲಿನ ಮೇಲೆ ಕೂತು ನೆಲ ನೋಡಿದ. ಉದ್ದನ ಸಾಹೇಬ ಕೈಮುಗಿದದ್ದರ ಅರ್ಥ ಅವನಿಗೆ ಹೊಳೆದದ್ದು ಆಗ.

ಪಂಪಮ್ಮ ಮನೆಯ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಿದಳು. ಆಚೆ ನೋಡಿದಳು. ಅಲ್ಲಿ ಅಂದಪ್ಪ, ರೇಷ್ಮೆ ಅಂಗಿ ಕಳಚಿ ಬೇಲಿಗೆ ಹಾಕಿ, ಹಣೆಯ ಬಾಸಿಂಗದಷ್ಟು ಅಗಲದ ಗಂಧವನ್ನು ಬೆವರಿನಲ್ಲಿ ಹರಿಯಬಿಟ್ಟು, ತನ್ನ ಶಾಸ್ತ್ರದ ದಿನವೇ ಕಂಬ ಹತ್ತುತ್ತಿದ್ದ. "ಲೇ ಅಂದ್ಯಾ, ಇಳಿಯೋ! ಮದಿಮಗ ಕಂಬ ಏರಬಾರ್ದೋ!" ಎಂದು ಹಿರಿಯರು ಕೂಗುತ್ತಿದ್ದರೆ, "ಸೋಡಾ ಬಿಸಿ ಆದ್ರ ಮದಿಮಗ ಆಗೋದೆಲ್ಲಿ ಬಂತ್ರೀ?" ಎಂದು ಮೇಲಿನಿಂದ ಉತ್ತರ ಬಂತು. ಪಂಪಮ್ಮ ಸೆರಗು ಹೊದ್ದುಕೊಂಡಳು. ಮೆಲ್ಲಗೆ ದುರುಗವ್ವನ ಹತ್ತಿರ ಹೋಗಿ ಕಾಲುಮುಟ್ಟಿ ನಮಸ್ಕರಿಸಿದಳು.

"ಅತ್ತಿ, ಇಂಥಾ ದೀಪದ ಮುಂದ ಉಡಿ ತುಂಬಿಸ್ಕೊಂಡ್ರ ಛಲೋ ಅಲ್ಲೇನ್ರಿ? ನನ್ನ ಇಲ್ಲೇ ಕುಂದ್ರಸ್ರಿ."

"ಎಷ್ಟ್ ಛಲೋ ಮಾತಾಡ್ತದ ಕೂಸು! ಚಾಪಿ ತರ್ರೆಲೇ ಇಲ್ಲೆ!"

ಮಣೆ ಬಂತು, ಚಾಪೆ ಬಂತು. ಪಂಪಮ್ಮ ಹಾಲಿನ ಪಾತ್ರೆಯನ್ನೂ ದಂಡೆಯನ್ನೂ ತೆಗೆದು ಹೊರಗಿಟ್ಟಳು. ಬಾಗಿಲು ಮುಚ್ಚಿ, "ದೀಪಕ್ಕ ಗಾಳಿ ತಾಗಬಾರ್ದು," ಎಂದು, ಅದಕ್ಕೆ ಬೆನ್ನು ಕೊಟ್ಟು ಪೂರ್ವಕ್ಕೆ ಮುಖಮಾಡಿ ಕೂತಳು. ಉಡಿ ತುಂಬಲು ಕೂತ ಹೆಣ್ಣು ಶಾಸ್ತ್ರ ಮುಗಿಯುವ ತನಕ ಏಳುವಂತಿಲ್ಲ. ಅವಳಿಗೆ ಪಕ್ಕಕ್ಕೆ ಸರಿ ಎನ್ನುವ ಹಕ್ಕು ಬೀಗರಿಗೂ ಇಲ್ಲ. ಬಾಗಿಲು ಭದ್ರವಾಯಿತು. ಯಾರೂ ಯಾರಿಗೂ ಬೇಡ ಅನ್ನಲಿಲ್ಲ.

ಕಳಕಮ್ಮನಿಗೆ ಮಗಳ ಹೂಟ ತಿಳಿಯಿತು. ಈಗ ಬೇಕಾದದ್ದು ಹೊತ್ತು ಕಳೆಯುವುದು. ಬೀಗರನ್ನು ಜರೆಯುವ ಹಾಡು ಎತ್ತಿದಳು.

"ಕಂಬ ಏರಿದ ಅಳಿಯ ಕೆಳಗಿಳಿದು ಬರವೊಲ್ಲ, ಗುಬ್ಬಿ ಗೂಡಿನ್ಯಾಗ ಮನಿ ಮಾಡ್ಯಾನೇನು?"

ಬೀಗತಿಯರು ಬಿಡುವರೇ? ದುರುಗವ್ವ ಸೆರಗು ಸಿಗಿಸಿ ಎದ್ದಳು.

"ವ್ಯಾನು ನೂಕುತ ಬಂದ ಬೀಗತಿಯ ನೋಡಿರೇ, ಎತ್ತಿಗೆ ರಜಾ ಕೊಟ್ಟು ತಾನೇ ಹೂಡ್ಯಾಳ!"

ಹಾಡಿಗೆ ಹಾಡು ಬಿತ್ತು. ಕಳಕಮ್ಮ ತನಗೆ ಬರುವುದನ್ನೆಲ್ಲ ಹಾಡಿದಳು. ಮುಗಿದಾಗ ಮೊದಲಿನಿಂದ ಹಿಡಿದಳು. ಹಿರಿಯರೊಬ್ಬರು ಇದು ಆಗಲೇ ಆಯಿತಲ್ಲ ಎಂದರೆ, "ಅದು ಹುಡುಗಿ ಕಡೀದು, ಇದು ಹುಡುಗನ ಕಡೀದು," ಎಂದಳು. ಈ ನಡುವೆ ಕಂಬದ ಮೇಲೆ ಕಿಡಿಯೊಂದು ಹಾರಿ ಕರೆಂಟು ಬಂತು. ಹಂಪಣ್ಣ ಗಾಲಿಗೆ ಇನ್ನೊಂದು ಕಲ್ಲು ಕೊಟ್ಟು ವ್ಯಾನು ಸಮ ಮಾಡಿ, ತಿರುಗಣಿಯನ್ನು ಮತ್ತೆ ಮನೆಯ ಕರೆಂಟಿಗೆ ತಿರುಗಿಸಿದ. ಪಂಪಮ್ಮನ ಬೆನ್ನಿನ ಹಿಂದೆ ಪೆಟ್ಟಿಗೆ ಸದ್ದಿಲ್ಲದೆ ತನ್ನ ಕೆಲಸ ಹಿಡಿಯಿತು. ವ್ಯಾನಿನ ತಗಡು ಸುಡುತ್ತಿತ್ತು, ಅವಳ ಮುಖದಿಂದ ಬೆವರು ಉಡಿಯೊಳಗಿನ ಅಕ್ಕಿಗೆ ಬೀಳುತ್ತಿತ್ತು. ಅವಳು ಕದಲಲಿಲ್ಲ.

ಕಡೆಗೆ, ಇಳಿಬಿಸಿಲಿನ ಹೊತ್ತಿಗೆ, ಹಾಡುವವರ ಗಂಟಲೆಲ್ಲ ಒಣಗಿ ಶಾಸ್ತ್ರ ಮುಗಿಯಿತು. ಹುಲಿಗೆಮ್ಮ ವ್ಯಾನಿನ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡಳು. ಪಂಪಮ್ಮ ಎದ್ದು, ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಹಿಂದೆ ತಂಪು ತಗಡಿಗೆ ಆತುಕೊಂಡಿದ್ದ ಶೀಸೆಯನ್ನು ತೆಗೆದು ಅಪ್ಪನ ಕೈಗೆ ಕೊಟ್ಟಳು. ಶೀಸೆಯ ಮೈಮೇಲೆ ಮಂಜು ಕೂಡಿತ್ತೋ, ಅವಳ ಕೈಯ ಬೆವರೋ, ಹಂಪಣ್ಣನಿಗೆ ತಿಳಿಯಲಿಲ್ಲ. ಹೆಬ್ಬೆರಳಿನಿಂದ ಗೋಲಿ ಒತ್ತಿದ. ಶೀಸೆ ಕೂಗಿತು.

ಹುಲಿಗೆಮ್ಮ ಕುಡಿದಳು. ಕಣ್ಣು ಮುಚ್ಚಿದಳು.

"ಯವ್ವಾ," ಎಂದಳು. "ಹಲ್ಲು ಜುಮ್ಮ ಅಂದ್ವು."

"ಆಯಿ, ನಿನಗ ಹಲ್ಲೆಲ್ಲಿ ಅದಾವ?" ಎಂದ ಅಂದಪ್ಪ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ.

"ಹೈದರಾಬಾದಿನ್ಯಾಗ ಇದ್ದಾಗ ಇದ್ವಲ್ಲ, ಅವು." ಶೀಸೆ ಖಾಲಿಯಾಗುವವರೆಗೆ ಅವಳು ಕುಡಿದಳು. ಆಮೇಲೆ ಪಂಪಮ್ಮನ ಕಡೆ ತಿರುಗಿದಳು. "ಏನವಾ, ಬಾಗಲಾ ಮುಚ್ಚಿದಾಗ ಆ ದೀಪಾ ಉರೀತೈತೇನು?"

ಪಂಪಮ್ಮ ತಲೆ ತಗ್ಗಿಸಿದಳು. "ಇಲ್ರಿ ಆಯಿ. ಮುಚ್ಚಿದ್ರ ಆರತೈತಿ."

"ಅನ್ಕೊಂಡಿದ್ದೆ." ಮುದುಕಿಯ ಬೊಚ್ಚು ಬಾಯಿ ಅಗಲವಾಯಿತು. "ನಿಮ್ಮಪ್ಪಗ ಬ್ಯಾಡ ಅನ್ನಾಕ ಬರಂಗಿಲ್ಲ. ನೀ ಬ್ಯಾಡ ಅನ್ನದಂಗ ಬ್ಯಾಡ ಅಂದಿ. ಈ ದುರುಗವ್ವನ ಕೂಡ ಬಾಳೇವು ಮಾಡಾಕ ಇಂಥಾಕೀನ ಬೇಕಿತ್ತು." ಸೊಂಟದಲ್ಲಿ ಸಿಗಿಸಿದ್ದ ಉಗ್ರಾಣದ ಕೀಲಿ ತೆಗೆದು ಹುಡುಗಿಯ ಉಡಿಯಲ್ಲಿ ಹಾಕಿದಳು.

ಊಟವಾಗಿ ಹೊರಡುವ ಹೊತ್ತಿಗೆ ದುರುಗವ್ವ ಕೈ ಒರೆಸಿಕೊಳ್ಳುತ್ತ ಬಂದಳು. "ಅಣ್ಣಾರ, ಒಂದ ಮಾತ. ಈ ಪೆಟ್ಟಿಗಿ ನಮ್ಮನ್ಯಾಗ ಇಟ್ಟು ಹೋಗ್ರಲ್ಲ? ಹೆಂಗೂ ಹುಡುಗಿ ಇಲ್ಲೇ ಬರಾಕಿ. ಅಂದ್ಯಾ ಕರೆಂಟ್ ನೋಡ್ಕೊತಾನ."

ಮೌಲಾಹುಸೇನ ಕಣ್ಣು ಮುಚ್ಚಿಕೊಂಡ. ಕಳಕಮ್ಮ ಕೆಮ್ಮಿದಳು. ಹಂಪಣ್ಣ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇಟಗೋರಿ, ಅದಕ್ಯಾಕ ಕೇಳ್ತೀರಿ?"

ವ್ಯಾನು ಹಗುರಾಗಿ ಕುಷ್ಟಗಿಯ ದಾರಿ ಹಿಡಿಯಿತು. ಪೆಟ್ಟಿಗೆಯಿದ್ದ ಜಾಗದಲ್ಲಿ ಆ ಗೋಲಿಯೊಂದೇ ಅತ್ತಿಂದಿತ್ತ ಉರುಳುತ್ತಿತ್ತು. ಯಲಬುರ್ಗಾದ ಕೊನೆಯ ಮನೆ ದಾಟುವಾಗ ಕಳಕಮ್ಮ ಕೇಳಿದಳು.

"ಏನ್ರಿ, ಏಣಿ ಕೇಳಿದ್ರು, ಕೊಟ್ರಿ. ಪೆಟ್ಟಿಗಿ ಕೇಳಿದ್ರು, ಕೊಟ್ರಿ. ಮಗಳನ್ನ ಕೇಳಿದ್ರು, ಕೊಟ್ರಿ. ನಾಳೆ ನನ್ನ ಯಾರರ ಕೇಳಿದ್ರ?"

ವ್ಯಾನು ಎರೆಹೊಲಗಳನ್ನು ದಾಟಿತು. ಬೇವಿನ ಮರದ ದೇವಿಯನ್ನು ದಾಟಿತು. ಹಂಪಣ್ಣನ ತುಟಿಗಳು ಮಾತ್ರ, ಹೊಸ ಪಾಠ ಕಲಿಯುವವನ ತುಟಿಗಳಂತೆ, ಅಲುಗುತ್ತಿದ್ದವು. ಕುಷ್ಟಗಿಯ ದೀಪಗಳು ಕಾಣುವ ಹೊತ್ತಿಗೆ ಅವನ ಬಾಯಿಂದ ಆ ಮಾತು ಬಂತು.

"ಇಲ್ಲ ಅಂತೀನಿ."

"ಇಷ್ಟ ತಡಾ ಮಾಡಿ ಅಂದ್ರ, ಅವ್ರು ನನ್ನ ಒಯ್ದು ಗಂಗಾವತಿ ಮುಟ್ಟಿರ್ತಾರ," ಎಂದಳು ಕಳಕಮ್ಮ. ಆದರೆ ಕತ್ತಲಲ್ಲಿ ಕೈ ಚಾಚಿ, ಉರುಳುತ್ತಿದ್ದ ಗೋಲಿಯನ್ನು ಹಿಡಿದು ಸೆರಗಿನ ತುದಿಗೆ ಕಟ್ಟಿಕೊಂಡಳು.